ಹತ್ತರಲ್ಲಿ ಒಂದು ರೀಡಿಂಗ್ ದಾರಿ ತಪ್ಪಿದರೆ: ಶೋವನೇ ನಿಯಮ ಬಳಸುವುದು ಹೇಗೆ

ಹತ್ತು ರೀಡಿಂಗ್ ತೆಗೆದಿದ್ದೀರಿ. ಒಂಬತ್ತು ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಹತ್ತನೆಯದು ಮಾತ್ರ ಎಲ್ಲೋ ದೂರ ಹೋಗಿ ನಿಂತಿದೆ. ಈಗ ಏನು ಮಾಡುತ್ತೀರಿ? ಲ್ಯಾಬ್‌ನಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಆಚೆ ಈಚೆ ನೋಡಿ ರಬ್ಬರ್‌ನಲ್ಲಿ ಉಜ್ಜಿ, ಆ ಜಾಗದಲ್ಲಿ ಉಳಿದವುಗಳ ಹಾಗೆಯೇ ಕಾಣುವ ಒಂದು ಸಂಖ್ಯೆ ಬರೆದುಬಿಡುವುದು. ಇನ್ನು ಕೆಲವರು, ಪಾಪ, ಮುಟ್ಟಲು ಹೆದರಿ ಅದನ್ನೂ ಸೇರಿಸಿ ಸರಾಸರಿ ತೆಗೆಯುತ್ತಾರೆ, ಉತ್ತರ ಕೆಟ್ಟುಹೋಗುತ್ತದೆ. ಎರಡೂ ಬೇಡ.

ಇದಕ್ಕೆ ಒಂದು ಲೆಕ್ಕ ಉಂಟು. ಇಂಜಿನಿಯರಿಂಗ್‌ನವರ ಮೆಷರ್‌ಮೆಂಟ್ ಪುಸ್ತಕಗಳಲ್ಲಿ ಶೋವನೇ ನಿಯಮ ಎಂಬ ಹೆಸರಲ್ಲಿ ಅರ್ಧ ಪುಟ ಸಿಗುತ್ತದೆ, ಒಂದು ಟೇಬಲ್ ಸಮೇತ. ಶೋವನೇ ಯಾರು, ಈ ಟೇಬಲ್ ಎಲ್ಲಿಂದ ಬಂತು ಎಂದು ಅಲ್ಲಿ ಇರುವುದಿಲ್ಲ. ಆ ಮನುಷ್ಯನ ಬದುಕು ಗೊತ್ತಿದ್ದರೆ ನಿಯಮ ಯಾಕೆ ಹೀಗೆ ಇದೆ, ಎಲ್ಲಿ ಕೈಕೊಡುತ್ತದೆ ಎಂಬುದು ಬೇಗ ತಲೆಗೆ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮೊದಲು ಲೆಕ್ಕ ನೋಡೋಣ.

ಸಿಂಪಲ್ ಪೆಂಡುಲಮ್ ತಗೊಳ್ಳಿ, ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ ಗುರುತ್ವ (g) ಕಂಡುಹಿಡಿಯುವ, ಎಲ್ಲ ಕಾಲೇಜಿನಲ್ಲೂ ಇರುವ ಪ್ರಯೋಗ. ದಾರದ ಮೇಲ್ತುದಿಯಿಂದ ಗುಂಡಿನ ನಡುವಿನವರೆಗೆ 99.6 ಸೆಂಟಿಮೀಟರ್. ಇಪ್ಪತ್ತು ಸಲ ತೂಗಾಡಲು ಎಷ್ಟು ಸೆಕೆಂಡು ಬೇಕು ಎಂದು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಹತ್ತು ಸಲ ನೋಡುತ್ತೀರಿ. ರೀಡಿಂಗ್ ಹೀಗೆ ಬಂದವು ಎಂದುಕೊಳ್ಳಿ:

40.1, 40.3, 39.9, 40.2, 40.0, 40.2, 40.1, 39.8, 40.3, 42.1

ಕೊನೆಯದರ ಮೇಲೆ ಅನುಮಾನ. ಅದನ್ನೂ ಸೇರಿಸಿಯೇ ಲೆಕ್ಕ ಶುರು ಮಾಡಬೇಕು, ಇದನ್ನು ಗಟ್ಟಿಯಾಗಿ ನೆನಪಿಡಿ. ಮೊದಲೇ ಹೊರಗಿಟ್ಟು ಉಳಿದ ಒಂಬತ್ತರ ಸರಾಸರಿಯಿಂದ ಅದು ಎಷ್ಟು ದೂರ ಎಂದು ನೋಡಿದರೆ ಯಾವ ರೀಡಿಂಗೂ ತಪ್ಪಿತಸ್ಥನ ಹಾಗೆಯೇ ಕಾಣುತ್ತದೆ.

ಹತ್ತನ್ನೂ ಕೂಡಿದರೆ 403.0, ಸರಾಸರಿ 40.3. ಈಗ ಒಂದೊಂದು ರೀಡಿಂಗ್ ಸರಾಸರಿಯಿಂದ ಎಷ್ಟು ದೂರ ಎಂದು ಬರೆದು, ಅದರ ವರ್ಗ ಮಾಡಿ ಎಲ್ಲ ಕೂಡಿ. ಒಟ್ಟು 3.84 ಬರುತ್ತದೆ. ಇದರಲ್ಲಿ 3.24 ಆ ಒಂದೇ 42.1ರದ್ದು, ಗಮನಿಸಿ. ಇದನ್ನು ಹತ್ತರಿಂದ ಅಲ್ಲ, ಒಂಬತ್ತರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.653. ಇದು ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ರೀಡಿಂಗ್‌ಗಳು ಸಾಮಾನ್ಯವಾಗಿ ಎಷ್ಟು ಚದುರಿವೆ ಎಂಬ ಅಂದಾಜು. ಅನುಮಾನದ ರೀಡಿಂಗ್ ಸರಾಸರಿಯಿಂದ 1.8 ಸೆಕೆಂಡು ದೂರ. 1.8ನ್ನು 0.653ರಿಂದ ಭಾಗಿಸಿದರೆ 2.76. ಅಂದರೆ ಅದು ಸ್ಟ್ಯಾಂಡರ್ಡ್ ಡೀವಿಯೇಶನ್ನಿನ 2.76 ಪಟ್ಟು ದೂರದಲ್ಲಿದೆ.

ಈಗ ಟೇಬಲ್ ನೋಡುವುದು. ಎಷ್ಟು ರೀಡಿಂಗ್‌ಗೆ ಎಷ್ಟು ಪಟ್ಟಿನವರೆಗೆ ಬಿಡಬಹುದು ಎಂಬುದು ಅದರಲ್ಲಿ ಇರುತ್ತದೆ: 5 ರೀಡಿಂಗ್‌ಗೆ 1.65, 6ಕ್ಕೆ 1.73, 7ಕ್ಕೆ 1.80, 8ಕ್ಕೆ 1.86, 9ಕ್ಕೆ 1.91, 10ಕ್ಕೆ 1.96, 15ಕ್ಕೆ 2.13, 20ಕ್ಕೆ 2.24, 25ಕ್ಕೆ 2.33, 50ಕ್ಕೆ 2.58, 100ಕ್ಕೆ 2.81. ನಮ್ಮದು ಹತ್ತು ರೀಡಿಂಗ್, ಗಡಿ 1.96. ನಮ್ಮ 2.76 ಅದನ್ನು ದಾಟಿದೆ. ಹಾಗಾದರೆ 42.1 ಹೊರಗೆ. ಇಷ್ಟೇ ನಿಯಮ.

ಈ ಗಡಿಗಳು ಆಕಾಶದಿಂದ ಬಿದ್ದವಲ್ಲ. ರೀಡಿಂಗ್‌ಗಳು ಗಂಟೆಯಾಕಾರದ ಆ ಹಳೆಯ ನಾರ್ಮಲ್ ಕರ್ವ್‌ನ ಹಾಗೆ ಚದುರಿವೆ ಎಂದು ಒಪ್ಪಿಕೊಂಡರೆ, ಸರಾಸರಿಯಿಂದ ಇಷ್ಟು ದೂರ ಹೋಗುವ ರೀಡಿಂಗ್ ಒಂದರಲ್ಲಿ ಎಷ್ಟು ಪಾಲು ಎಂದು (ನೂರಕ್ಕೆ ಐದು ಎಂದರೆ 0.05) ಹೇಳಬಹುದು. ಅದನ್ನು ನಿಮ್ಮ ಒಟ್ಟು ರೀಡಿಂಗ್‌ಗಳ ಸಂಖ್ಯೆಯಿಂದ ಗುಣಿಸಿ. ಬಂದ ಉತ್ತರ ಅರ್ಧಕ್ಕಿಂತ ಕಡಿಮೆ ಇದ್ದರೆ, ಅಂದರೆ ಇಷ್ಟು ರೀಡಿಂಗ್‌ಗಳಲ್ಲಿ ಅಂಥದ್ದು ಅರ್ಧ ರೀಡಿಂಗ್ ಕೂಡ ಬರುವ ಲಕ್ಷಣ ಇಲ್ಲದಿದ್ದರೆ, ಅದನ್ನು ಬಿಡಬಹುದು ಎಂಬುದು ಶೋವನೇ ಹೇಳಿದ್ದು. ನಮ್ಮ 2.76ಕ್ಕೆ ಈ ಲೆಕ್ಕ ಹಾಕಿದರೆ ಸುಮಾರು 0.06 ಬರುತ್ತದೆ. ಅರ್ಧದ ಹತ್ತಿರಕ್ಕೂ ಇಲ್ಲ. ಎಕ್ಸೆಲ್ ಇದ್ದವರಿಗೆ ಟೇಬಲ್ಲೇ ಬೇಡ. ರೀಡಿಂಗ್‌ಗಳ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ, ಒಂದನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದು, ನಾರ್ಮ್ ಡಾಟ್ ಎಸ್ ಡಾಟ್ ಇನ್ವ್ ಎಂಬ ಫಂಕ್ಷನ್‌ಗೆ ಕೊಟ್ಟರೆ ಗಡಿ ಬಂದು ಕೂರುತ್ತದೆ. ಹತ್ತು ರೀಡಿಂಗ್‌ಗೆ 0.975 ಕೊಟ್ಟು ನೋಡಿ, 1.96 ಬರಬೇಕು.

ಕ್ಯಾಲ್ಕುಲೇಟರಿನ ಬಗ್ಗೆ ಒಂದು ಮಾತು. ಹೆಚ್ಚಿನ ಮಕ್ಕಳ ಬ್ಯಾಗಿನಲ್ಲಿ ಇರುವ ಕ್ಯಾಸಿಯೋ ಎಫ್‌ಎಕ್ಸ್-82 ಎಂಎಸ್‌ನಲ್ಲಿ ಮೋಡ್ ಒತ್ತಿ 2 ಒತ್ತಿದರೆ ಎಸ್‌ಡಿ ಬರುತ್ತದೆ. ಒಂದೊಂದು ರೀಡಿಂಗ್ ಹಾಕಿ ಎಂ ಪ್ಲಸ್ ಒತ್ತುತ್ತಾ ಹೋಗಿ. ಆಮೇಲೆ ಶಿಫ್ಟ್ 2 ಒತ್ತಿದರೆ ಮೂರು ಆಯ್ಕೆ ಕಾಣುತ್ತದೆ: ಮೊದಲನೆಯದು ಸರಾಸರಿ, ಮೂರನೆಯದು ನಮಗೆ ಬೇಕಾದ ಸ್ಟ್ಯಾಂಡರ್ಡ್ ಡೀವಿಯೇಶನ್. ನಡುವಿನದು ಹತ್ತರಿಂದಲೇ ಭಾಗಿಸಿದ್ದು, ಅದು ಬೇಡ. ಶುರು ಮಾಡುವ ಮೊದಲು ಶಿಫ್ಟ್, ಮೋಡ್, 1, ಈಕ್ವಲ್ ಒತ್ತಿ ಹಳೆಯದನ್ನು ಅಳಿಸಿಕೊಳ್ಳಿ, ಇಲ್ಲದಿದ್ದರೆ ಹಿಂದಿನ ಬ್ಯಾಚಿನವರ ರೀಡಿಂಗೂ ನಿಮ್ಮ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಈಗ ಆ 42.1ನ್ನು ಇನ್ನೊಮ್ಮೆ ನೋಡಿ. ಉಳಿದವುಗಳ ಸರಾಸರಿ 40.1. ವ್ಯತ್ಯಾಸ ಸರಿಯಾಗಿ ಎರಡು ಸೆಕೆಂಡು. ಈ ಪೆಂಡುಲಮ್ ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು? ಎರಡು ಸೆಕೆಂಡು ಮತ್ತು ಚೂರು. ಅಂದರೆ ಲೆಕ್ಕ ಹಾಕುವವರು ಪಕ್ಕದವರ ಹತ್ತಿರ ಮಾತಾಡುತ್ತಾ ಒಂದು ಸುತ್ತು ಬಿಟ್ಟಿದ್ದಾರೆ, ಇಪ್ಪತ್ತು ಎಂದು ನಿಲ್ಲಿಸಿದಾಗ ಆಗಿದ್ದು ಇಪ್ಪತ್ತೊಂದು. ಇದೇ ರೀತಿ 38.1 ಬಂದರೆ, ಸ್ಟಾಪ್‌ವಾಚ್ ಒತ್ತುವಾಗ ಸೊನ್ನೆ ಎನ್ನುವ ಬದಲು ಒಂದು ಎಂದು ಶುರು ಮಾಡಿದ್ದಾರೆ ಎಂದು ಅರ್ಥ. ನಿಯಮ ಇದನ್ನು ಹೇಳುವುದಿಲ್ಲ. ಅನುಮಾನ ಪಡಬಹುದು ಎಂದಷ್ಟೇ ಹೇಳುತ್ತದೆ. ಕಾರಣ ಹುಡುಕುವುದು ನಿಮ್ಮ ಕೆಲಸ. ಕಾರಣ ಸಿಕ್ಕಿದರೆ ನಿಯಮದ ಹಂಗೇ ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ‘ಎಣಿಕೆ ತಪ್ಪಿದೆ’ ಎಂದು ಬರೆದರೆ ಮುಗಿಯಿತು.

ಫ್ಯಾನ್ ಹಾಕಿತ್ತಾ ಎಂದೂ ನೋಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿ ಎಂದರೆ ಯಾರೂ ಕೇಳುವುದಿಲ್ಲ, ಗೊತ್ತು. ಆದರೂ ಗುಂಡಿಗೆ ಗಾಳಿ ಹೊಡೆದರೆ ಅದು ನೇರ ತೂಗಾಡುವ ಬದಲು ಸುತ್ತು ಹಾಕಲು ಶುರು ಮಾಡುತ್ತದೆ.

ಇನ್ನು ಆ ಮನುಷ್ಯನ ಕಥೆಗೆ ಬರೋಣ.

ವಿಲಿಯಂ ಶೋವನೇ ಹುಟ್ಟಿದ್ದು 1820ರ ಮೇ 24ರಂದು, ಅಮೆರಿಕದ ಪೆನ್ಸಿಲ್ವೇನಿಯಾದ ಮಿಲ್ಫರ್ಡ್ ಎಂಬ ಊರಿನಲ್ಲಿ. ಅಪ್ಪ ಫ್ರಾನ್ಸಿನಿಂದ ಬಂದವರು, ಹೆಸರು ಹಾಗೆ ಇರುವುದು ಅದಕ್ಕೇ. ಹುಡುಗ ಬೆಳೆದದ್ದು ಫಿಲಡೆಲ್ಫಿಯಾದಲ್ಲಿ, ಹದಿನಾರನೇ ವಯಸ್ಸಿಗೆ ಯೇಲ್ ಕಾಲೇಜು ಸೇರಿ 1840ರಲ್ಲಿ ಪಾಸಾದ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಅಮರ ಸುಳ್ಯದವರು ಬ್ರಿಟಿಷರ ವಿರುದ್ಧ ಎದ್ದು ಮಂಗಳೂರಿನವರೆಗೆ ಬಂದ 1837ರಲ್ಲಿ ಈತ ಅಲ್ಲಿ ಕಾಲೇಜು ಹುಡುಗ.

ಮರುವರ್ಷ, 1841ರಲ್ಲಿ, ನೌಕಾಪಡೆಯಲ್ಲಿ ಗಣಿತದ ಪ್ರೊಫೆಸರ್ ಕೆಲಸ ಸಿಕ್ಕಿತು. ಪ್ರೊಫೆಸರ್ ಎಂದ ಕೂಡಲೇ ದೊಡ್ಡ ಕಟ್ಟಡ, ಬ್ಲಾಕ್‌ಬೋರ್ಡ್ ಎಂದು ಅಂದುಕೊಳ್ಳಬೇಡಿ. ಕ್ಲಾಸು ಹಡಗಿನಲ್ಲಿ. ಮಿಸಿಸಿಪ್ಪಿ ಎಂಬ ಉಗಿಹಡಗು, ಮುಂದೆ ಅಮೆರಿಕದ ನೌಕಾಧಿಕಾರಿ ಪೆರ್ರಿಯ ಜೊತೆ ಜಪಾನಿಗೆ ಹೋಗಿ ಹೆಸರು ಮಾಡಿದ್ದು. ಆಗ ಅಮೆರಿಕದ ನೌಕಾಪಡೆಯಲ್ಲಿ ಆಫೀಸರ್ ಆಗಬೇಕಾದ ಹುಡುಗರು ಚಿಕ್ಕ ವಯಸ್ಸಿನಲ್ಲೇ ಹಡಗು ಹತ್ತಿ, ಕೆಲಸ ಮಾಡುತ್ತಲೇ ಕಲಿಯಬೇಕಿತ್ತು. ನಡುವೆ ಹೊತ್ತು ಸಿಕ್ಕಿದರೆ ಗಣಿತ. ಇಂಥ ಕ್ಲಾಸಿನಲ್ಲಿ ಯಾರಿಗೆ ಪಾಠ ಹತ್ತುತ್ತದೆ ಹೇಳಿ.

1842ರಲ್ಲಿ ಅವರನ್ನು ಫಿಲಡೆಲ್ಫಿಯಾದ ನೇವಲ್ ಅಸೈಲಮ್‌ಗೆ ಹಾಕಿದರು. ಅದು ಅಸಲಿಗೆ ವಯಸ್ಸಾದ ನಾವಿಕರಿಗೆ ಇದ್ದ ಆಶ್ರಮ. ಅದರೊಳಗೇ ಹುಡುಗರಿಗೆ ಪರೀಕ್ಷೆಗೆ ತಯಾರಿ ಮಾಡಿಸುವ ಒಂದು ಶಾಲೆ. ವರ್ಷಗಟ್ಟಲೆ ಸಮುದ್ರದಲ್ಲಿ ಇದ್ದು ಬಂದ ಹುಡುಗರಿಗೆ ಎಂಟು ತಿಂಗಳಲ್ಲಿ ಎಲ್ಲ ತುಂಬಿಸಿ ಕಳಿಸಬೇಕು. ನಮ್ಮ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸುತ್ತಿದ್ದ 1843ರ ಹೊತ್ತಿಗೆ ಶೋವನೇ ಮಾಷ್ಟ್ರು ಅಲ್ಲಿ ಈ ಗಡಿಬಿಡಿಯಲ್ಲಿ ಇದ್ದರು.

ಅವರು ಸುಮ್ನೆ ಗೊಣಗುತ್ತಾ ಕೂರಲಿಲ್ಲ. ಎಂಟು ತಿಂಗಳು ಸಾಲದು, ಎರಡು ವರ್ಷದ ಸರಿಯಾದ ಕೋರ್ಸ್ ಬೇಕು ಎಂದು ಯೋಜನೆ ಬರೆದು ಮೇಲಿನವರಿಗೆ ಕಳಿಸಿದರು. ಒಬ್ಬ ನೌಕಾಪಡೆ ಮಂತ್ರಿ ಒಪ್ಪಿದ, ಅವನ ನಂತರ ಬಂದವನು ರದ್ದು ಮಾಡಿದ. ಫೈಲ್ ಹೋಗಿ ಫೈಲ್ ಬರುವುದು ಎಲ್ಲ ದೇಶದಲ್ಲೂ ಒಂದೇ ಕಥೆ ಅಲ್ವಾ. ಆಮೇಲೆ ಜಾರ್ಜ್ ಬ್ಯಾಂಕ್ರಾಫ್ಟ್ ಆ ಜಾಗಕ್ಕೆ ಬಂದರು. ಅವರ ಕಾಲದಲ್ಲಿ, 1845ರ ಅಕ್ಟೋಬರ್ 10ರಂದು, ಮೇರಿಲ್ಯಾಂಡಿನ ಅನಾಪೊಲಿಸ್‌ನಲ್ಲಿ ಒಂದು ಹಳೆಯ ಕೋಟೆಯ ಜಾಗದಲ್ಲಿ ನೌಕಾಶಾಲೆ ಶುರುವಾಯಿತು. ಈಗಿನ ಅಮೆರಿಕದ ನೇವಲ್ ಅಕಾಡೆಮಿ ಅದೇ. ಕೆಲವೇ ವರ್ಷಗಳಲ್ಲಿ ಕೋರ್ಸ್ ನಾಲ್ಕು ವರ್ಷಕ್ಕೆ ಏರಿತು. ಶೋವನೇ ಅಲ್ಲಿ ಗಣಿತ, ಖಗೋಳ, ಆಮೇಲೆ ನೌಕಾಯಾನ ಮತ್ತು ಸರ್ವೆ ಕಲಿಸುತ್ತಾ 1859ರವರೆಗೆ ಇದ್ದರು. ಇವತ್ತಿಗೂ ಅಲ್ಲಿನ ಗಣಿತ ವಿಭಾಗ ಇರುವ ಕಟ್ಟಡಕ್ಕೆ ಅವರದ್ದೇ ಹೆಸರು.

ನಿಯಮ ಯಾಕೆ ಇಷ್ಟು ಸರಳ ಎಂಬುದಕ್ಕೆ ಉತ್ತರ ಈ ವರ್ಷಗಳಲ್ಲಿ ಉಂಟು. ಅವರು ಕಲಿಸಿದ ಹುಡುಗರು ಗಣಿತದ ಪಂಡಿತರಾಗುವವರಲ್ಲ, ತೂಗುವ ಹಡಗಿನ ಮೇಲೆ ನಿಂತು ಸೆಕ್ಸ್ಟೆಂಟ್ ಹಿಡಿದು ನಕ್ಷತ್ರದ ಎತ್ತರ ಅಳೆಯುವವರು. ಅಳೆದದ್ದು ತಪ್ಪಿದರೆ ಹಡಗು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಈಗ ಮಲ್ಪೆಯ ಬೋಟಿನಲ್ಲೂ ಜಿಪಿಎಸ್ ಉಂಟು, ಆಗ ಇದ್ದದ್ದು ಸೆಕ್ಸ್ಟೆಂಟ್, ಗಡಿಯಾರ, ಟೇಬಲ್ ಪುಸ್ತಕ. ಅಂಥವರ ಕೈಗೆ ಕೊಡುವ ಲೆಕ್ಕ ಚಿಕ್ಕದಿರಬೇಕು. ಭೂಗೋಳದ ಮೇಲೆ ಎರಡು ಜಾಗಗಳ ನಡುವಿನ ಹತ್ತಿರದ ದಾರಿಯನ್ನು ಉದ್ದುದ್ದ ಲೆಕ್ಕ ಇಲ್ಲದೆ ನೋಡಿಕೊಳ್ಳಲು ಅವರು ‘ಗ್ರೇಟ್ ಸರ್ಕಲ್ ಪ್ರೊಟ್ರ್ಯಾಕ್ಟರ್’ ಎಂಬ ಸಲಕರಣೆಯನ್ನೇ ಮಾಡಿದರು. 1850ರಲ್ಲಿ ತ್ರಿಕೋನಮಿತಿಯ ಪುಸ್ತಕ ಬರೆದರು. ಎಲ್ಲದರಲ್ಲೂ ಅದೇ ಗುಣ.

1859ರಲ್ಲಿ ಯೇಲ್‌ನಿಂದಲೂ ಕರೆ ಬಂದಿತ್ತು, ಸೇಂಟ್ ಲೂಯಿಸ್‌ನಿಂದಲೂ ಬಂದಿತ್ತು. ತಾನು ಕಲಿತ ದೊಡ್ಡ ಕಾಲೇಜು ಬಿಟ್ಟು, ಹುಟ್ಟಿ ಆರೇ ವರ್ಷವಾಗಿದ್ದ ವಾಷಿಂಗ್ಟನ್ ಯೂನಿವರ್ಸಿಟಿಗೆ ಹೋದರು. (ಹೆಸರು ನೋಡಿ ರಾಜಧಾನಿ ವಾಷಿಂಗ್ಟನ್ ಅಂದುಕೊಳ್ಳಬೇಡಿ, ಇದು ಮಿಸೌರಿಯಲ್ಲಿ ಇದೆ.) 1862ರಲ್ಲಿ ಅಲ್ಲಿನ ಚಾನ್ಸಲರ್ ಆದರು. ನಮ್ಮಲ್ಲಿ ಚಾನ್ಸಲರ್ ಎಂದರೆ ಘಟಿಕೋತ್ಸವದ ದಿನ ಬಂದು ಹೋಗುವ ರಾಜ್ಯಪಾಲರು. ಅಲ್ಲಿ ಹಾಗಲ್ಲ, ಯೂನಿವರ್ಸಿಟಿ ನಡೆಸುವ ಕೆಲಸವೇ ಅವರದ್ದು. ಅದೂ ಯಾವ ಹೊತ್ತಿನಲ್ಲಿ? ಅಂತರ್ಯುದ್ಧದ ನಡುವೆ, ಮಿಸೌರಿಯಂಥ ಎರಡೂ ಕಡೆಯವರು ತುಂಬಿದ್ದ ರಾಜ್ಯದಲ್ಲಿ.

ಇದೇ ಹೊತ್ತಿನಲ್ಲಿ, 1863ರಲ್ಲಿ, ಎರಡು ಸಂಪುಟಗಳ ಖಗೋಳದ ಕೈಪಿಡಿ ಹೊರಬಂತು. ಆಡಳಿತದ ಕುರ್ಚಿಯಲ್ಲಿ ಕೂತ ಮೇಲೆ ಒಂದು ಲೇಖನ ಬರೆಯಲೂ ಪುರುಸೊತ್ತಿಲ್ಲ ಎನ್ನುವವರನ್ನು ನೋಡಿದ್ದೇವೆ, ಇವರು ಅಷ್ಟು ದಪ್ಪದ ಎರಡು ಪುಸ್ತಕ ಕೊಟ್ಟರು ಮಾರಾಯ್ರೆ. ಅದೇ ವರ್ಷ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಶುರುವಾದಾಗ ಮೊದಲ ಐವತ್ತು ಜನರಲ್ಲಿ ಅವರ ಹೆಸರೂ ಇತ್ತು. ನಾವು ಮಾತಾಡುತ್ತಿರುವ ನಿಯಮ ಇರುವುದು ಆ ಕೈಪಿಡಿಯ ಕೊನೆಯ ಅನುಬಂಧದಲ್ಲಿ.

ಅದು ಆ ಜಾತಿಯ ಮೊದಲ ನಿಯಮ ಅಲ್ಲ ಎಂಬುದನ್ನೂ ಹೇಳಬೇಕು. ಹಾರ್ವರ್ಡ್‌ನ ಬೆಂಜಮಿನ್ ಪಿಯರ್ಸ್ 1852ರಲ್ಲೇ ಒಂದು ಕೊಟ್ಟಿದ್ದರು. ಅದು ಹೆಚ್ಚು ಗಟ್ಟಿ, ಒಟ್ಟಿಗೆ ಎರಡು ಮೂರು ರೀಡಿಂಗ್ ಮೇಲೆ ಅನುಮಾನ ಬಂದರೂ ನಡೆಯುತ್ತದೆ, ಆದರೆ ಲೆಕ್ಕ ಕಷ್ಟ. ಇಂಗ್ಲೆಂಡಿನ ರಾಜ ಖಗೋಳಜ್ಞ ಜಾರ್ಜ್ ಏರಿಗೆ ಪಿಯರ್ಸ್ ನಿಯಮವೇ ಹಿಡಿಸಲಿಲ್ಲ, 1856ರಲ್ಲಿ ಅದನ್ನು ಟೀಕಿಸಿ ಬರೆದರು. ಶೋವನೇ ತಮ್ಮ ಅನುಬಂಧದಲ್ಲಿ ಪಿಯರ್ಸ್ ನಿಯಮವನ್ನು ವಿವರವಾಗಿ ಕೊಟ್ಟು, ಅದರ ನಂತರ ಒಂದೇ ಅನುಮಾನದ ರೀಡಿಂಗ್ ಇದ್ದಾಗ ಸಾಕಾಗುವ ಈ ಸುಲಭದ್ದನ್ನು ಸೇರಿಸಿದರು. ಕಷ್ಟದ್ದು ಹಿಂದೆ ಉಳಿಯಿತು, ಸುಲಭದ್ದು ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂತು. ಇವತ್ತು ಕಂಪ್ಯೂಟರ್ ಇರುವಾಗ ಪಿಯರ್ಸ್ ನಿಯಮ ಬಳಸಲು ಏನೂ ಅಡ್ಡಿ ಇಲ್ಲ. ರಿಸರ್ಚ್ ಮಾಡುವವರು ಅದನ್ನೋ ಗ್ರಬ್ಸ್ ಪರೀಕ್ಷೆಯನ್ನೋ ಬಳಸಿದರೆ ಒಳ್ಳೆಯದು. ಲ್ಯಾಬ್ ಕ್ಲಾಸಿಗೆ ಶೋವನೇ ಸಾಕು.

ಕೊನೆಯ ವರ್ಷಗಳಲ್ಲಿ ಆರೋಗ್ಯ ಕೆಟ್ಟಿತು. ಆದರೂ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಈಡ್ಸ್ ಮಿಸಿಸಿಪ್ಪಿ ನದಿಗೆ ಉಕ್ಕಿನ ಕಮಾನಿನ ಸೇತುವೆ ಕಟ್ಟಲು ಹೊರಟಾಗ ಅದರ ಲೆಕ್ಕ ತಪಾಸಣೆ ಮಾಡಿಕೊಟ್ಟದ್ದು ಇವರೇ. ಐನೂರು ಅಡಿ ದಾಟುವ ಕಮಾನುಗಳು, ಅಷ್ಟು ದೊಡ್ಡ ಕೆಲಸಕ್ಕೆ ಉಕ್ಕು ಬಳಸಿ ಯಾರಿಗೂ ರೂಢಿ ಇರಲಿಲ್ಲ. ಸೇತುವೆ 1874ರಲ್ಲಿ ತೆರೆಯಿತು. ಇಂದಿಗೂ ನಿಂತಿದೆ. ಶೋವನೇ ಅದನ್ನು ನೋಡಲಿಲ್ಲ. 1869ರಲ್ಲಿ ಕೆಲಸ ಬಿಟ್ಟು, 1870ರ ಡಿಸೆಂಬರ್ 13ರಂದು ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ತೀರಿಕೊಂಡರು, ವಯಸ್ಸು ಬರೀ ಐವತ್ತು. ರೇಖಾಗಣಿತದ ಪುಸ್ತಕ ಅದೇ ವರ್ಷ ಬಂದಿತ್ತು. ಗಣಿತವನ್ನು ಚೆನ್ನಾಗಿ ವಿವರಿಸಿ ಬರೆದವರಿಗೆ ಅಮೆರಿಕದ ಗಣಿತ ಸಂಘ 1925ರಿಂದ ಅವರ ಹೆಸರಲ್ಲಿ ಬಹುಮಾನ ಕೊಡುತ್ತಾ ಬಂದಿದೆ. ಹೊಸ ಸಂಶೋಧನೆಗೆ ಅಲ್ಲ, ಬಿಡಿಸಿ ಹೇಳುವ ಬರವಣಿಗೆಗೆ. ಇವರ ಹೆಸರಲ್ಲಿ ಇದಕ್ಕಿಂತ ಸರಿಯಾದ ಬಹುಮಾನ ಇರಲಿಕ್ಕಿಲ್ಲ.

ಸರಿ, ಲೆಕ್ಕಕ್ಕೆ ವಾಪಸ್. ನಿಯಮ ಎಲ್ಲಿ ಎಡವುತ್ತದೆ ಎಂಬುದು ಬಳಸುವವರಿಗೆ ಜಾಸ್ತಿ ಮುಖ್ಯ.

ಮೊದಲನೆಯದು, ಗಡಿಯಲ್ಲಿ ನಿಂತ ರೀಡಿಂಗ್. ಮೇಲಿನ ಹತ್ತರಲ್ಲಿ 42.1ರ ಬದಲು 40.6 ಬಂದಿದೆ ಎಂದುಕೊಳ್ಳಿ. ಸರಾಸರಿ 40.15, ಸ್ಟ್ಯಾಂಡರ್ಡ್ ಡೀವಿಯೇಶನ್ 0.227, ಪಟ್ಟು 1.98. ಗಡಿ 1.96. ಹೊರಗೆ! ಅದೇ 40.5 ಆಗಿದ್ದರೆ ಪಟ್ಟು 1.74, ಒಳಗೆ. ಒಂದು ದಶಾಂಶ ಸೆಕೆಂಡಿನಲ್ಲಿ ತೀರ್ಪು ಬದಲಾಯಿತು. ನಮ್ಮ ಹೆಬ್ಬೆರಳು ಮೊಬೈಲ್ ಒತ್ತುವುದರಲ್ಲೇ ಅದಕ್ಕಿಂತ ಜಾಸ್ತಿ ಹೆಚ್ಚುಕಡಿಮೆ ಆಗುತ್ತದೆ. ಇಂಥಲ್ಲಿ ಕಣ್ಣು ಮುಚ್ಚಿ ನಿಯಮ ಪಾಲಿಸಬೇಡಿ. ಇನ್ನೂ ಐದು ರೀಡಿಂಗ್ ತೆಗೆಯಿರಿ, ಹದಿನೈದಕ್ಕೆ ಲೆಕ್ಕ ಹಾಕಿ. ಸಮಯ ಇಲ್ಲದಿದ್ದರೆ 40.6ನ್ನು ಇಟ್ಟು ಒಂದು ಉತ್ತರ, ಬಿಟ್ಟು ಒಂದು ಉತ್ತರ, ಎರಡೂ ಬರೆಯಿರಿ. ಇಟ್ಟರೆ ಗುರುತ್ವ 9.76, ಬಿಟ್ಟರೆ 9.78. ಓದುವವರು ನೋಡಿಕೊಳ್ಳುತ್ತಾರೆ.

ಎರಡನೆಯದು, ನಮ್ಮ ಲ್ಯಾಬ್‌ಗಳ ಮೂರು ರೀಡಿಂಗ್ ಪದ್ಧತಿ. ‘ಮೂರು ಟ್ರಯಲ್ ತೆಗೆದು ಸರಾಸರಿ ಮಾಡಿ’ ಎಂದು ಎಲ್ಲ ಮ್ಯಾನ್ಯುಯಲ್‌ನಲ್ಲೂ ಇರುತ್ತದೆ ಅಲ್ವಾ. ಮೂರು ರೀಡಿಂಗ್‌ನಲ್ಲಿ ಒಂದು ಎಷ್ಟೇ ದೂರ ಇರಲಿ, 40, 40, 4000 ಎಂದೇ ಇರಲಿ, ಅದರ ಪಟ್ಟು 1.155 ದಾಟುವುದೇ ಇಲ್ಲ. ಆ ಒಂದು ರೀಡಿಂಗೇ ಸ್ಟ್ಯಾಂಡರ್ಡ್ ಡೀವಿಯೇಶನನ್ನೂ ಎಳೆದು ದೊಡ್ಡದು ಮಾಡಿಬಿಡುತ್ತದೆ, ಅದಕ್ಕೆ. ಮೂರಕ್ಕೆ ಶೋವನೇ ಗಡಿ 1.38. ನಾಲ್ಕು ರೀಡಿಂಗ್‌ನಲ್ಲಿ ಹೆಚ್ಚೆಂದರೆ 1.5, ಗಡಿ 1.53. ಅಂದರೆ ಮೂರು, ನಾಲ್ಕು ರೀಡಿಂಗ್‌ಗೆ ಈ ನಿಯಮ ಯಾವತ್ತೂ ಯಾವುದನ್ನೂ ಹೊರಗೆ ಹಾಕುವುದಿಲ್ಲ. ನಂಬಿಕೆ ಇಲ್ಲದವರು ಕ್ಯಾಲ್ಕುಲೇಟರ್ ತೆಗೆದು ನೋಡಿ. ನಿಯಮಕ್ಕೆ ಕೆಲಸ ಸಿಗುವುದು ಐದರಿಂದ. ನನ್ನ ಕೇಳಿದರೆ ಹತ್ತಕ್ಕಿಂತ ಕಡಿಮೆ ಇದ್ದರೆ ಬಳಸಲೇ ಬೇಡಿ.

ಮೂರನೆಯದು, ಒಂದು ಸಲ ಬಳಸಿ ನಿಲ್ಲಿಸಿ. 42.1 ಹೋದ ಮೇಲೆ ಉಳಿದ ಒಂಬತ್ತಕ್ಕೆ ಸ್ಟ್ಯಾಂಡರ್ಡ್ ಡೀವಿಯೇಶನ್ 0.173ಕ್ಕೆ ಇಳಿಯುತ್ತದೆ. ಈಗ 39.8 ಮೇಲೆ ಕಣ್ಣು ಬೀಳುತ್ತದೆ. ಲೆಕ್ಕ ಹಾಕಿದರೆ ಅದು 1.73 ಪಟ್ಟು, ಒಂಬತ್ತಕ್ಕೆ ಗಡಿ 1.91, ಹಾಗಾಗಿ ಅದು ಬಚಾವ್. ಆದರೆ ಎಲ್ಲ ಸಲ ಹೀಗೆ ಬಚಾವಾಗುವುದಿಲ್ಲ. ಒಂದನ್ನು ತೆಗೆದ ಕೂಡಲೇ ಚದುರಿಕೆ ಕಡಿಮೆಯಾಗಿ ಮುಂದಿನದು ಕೆಟ್ಟದ್ದಾಗಿ ಕಾಣುತ್ತದೆ, ಅದನ್ನು ತೆಗೆದರೆ ಅದರ ಮುಂದಿನದು. ತರಕಾರಿ ಹೆಚ್ಚುವಾಗ ಕೊಳೆತದ್ದು ಅಂತ ಹೇಳಿ ಹೇಳಿ ಇಡೀ ಬದನೆಕಾಯಿ ಎಸೆದ ಹಾಗೆ ಆಗುತ್ತದೆ. ಶೋವನೇ ಇದನ್ನು ಕೊಟ್ಟದ್ದೇ ಒಂದು ಅನುಮಾನದ ರೀಡಿಂಗ್‌ಗೆ.

ಇನ್ನೊಂದು ಗುಟ್ಟು ಹೇಳುತ್ತೇನೆ, ಇದು ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯಾವ ತಪ್ಪೂ ಇಲ್ಲದ, ಪೂರ್ತಿ ಒಳ್ಳೆಯ ಹತ್ತು ರೀಡಿಂಗ್ ತೆಗೆದರೂ ಸುಮಾರು ನಾಲ್ಕರಲ್ಲಿ ಒಂದು ಸಲ ಈ ನಿಯಮ ಯಾವುದೋ ಒಂದನ್ನು ಹೊರಗೆ ತಳ್ಳುತ್ತದೆ. ರೀಡಿಂಗ್ ನೂರಾರು ಇದ್ದರೆ ಇನ್ನೂ ಜಾಸ್ತಿ, ಹತ್ತರಲ್ಲಿ ನಾಲ್ಕು ಸಲದ ಹತ್ತಿರ ಹೋಗುತ್ತದೆ. ಅಂದರೆ ಅದು ತುಸು ಕೈ ಬಿಗಿ ಇಲ್ಲದ ನಿಯಮ. ಹೊರಗೆ ಬಂದ ಕೂಡಲೇ ಆ ರೀಡಿಂಗ್ ತಪ್ಪು ಎಂದು ಸಾಬೀತಾಯಿತು ಎಂದುಕೊಳ್ಳಬೇಡಿ.

ಈಗ ಉತ್ತರಕ್ಕೆ ಬರೋಣ, ಅಸಲಿ ಮಜಾ ಇರುವುದು ಇಲ್ಲಿ. 42.1 ಇಟ್ಟುಕೊಂಡು ಗುರುತ್ವ ಲೆಕ್ಕ ಹಾಕಿದರೆ 9.68 ಬರುತ್ತದೆ. ಬಿಟ್ಟರೆ ಒಂದು ತೂಗಾಟಕ್ಕೆ 2.005 ಸೆಕೆಂಡು, ಗುರುತ್ವ 9.78. ಪುಸ್ತಕದಲ್ಲಿ 9.8 ಅಥವಾ 9.81 ಎಂದು ಇರುತ್ತದೆ. ಮಕ್ಕಳಿಗೆ ಕೂಡಲೇ ಕೈ ತುರಿಸುತ್ತದೆ, ಇನ್ನೊಂದು ದೊಡ್ಡ ರೀಡಿಂಗ್ ಬಿಟ್ಟರೆ 9.81ರ ಹತ್ತಿರ ಹೋಗಬಹುದಲ್ಲ ಎಂದು. ನಿಲ್ಲಿ. ಭೂಮಿ ಧ್ರುವಗಳ ಹತ್ತಿರ ಚಪ್ಪಟೆ, ನಡುವಿನಲ್ಲಿ ಉಬ್ಬು, ಮೇಲಿಂದ ತಿರುಗುತ್ತಲೂ ಇದೆ. ಹಾಗಾಗಿ ಗುರುತ್ವ ಎಲ್ಲ ಕಡೆ ಒಂದೇ ಅಲ್ಲ. ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ ಇರುವ ಮಂಗಳೂರು, ಉಡುಪಿಯಲ್ಲಿ ಸಮುದ್ರ ಮಟ್ಟದಲ್ಲಿ ಅದು ಸುಮಾರು 9.78. ನಿಮ್ಮ ಉತ್ತರವೇ ಸರಿ. 9.81 ಬಂದಿದ್ದರೇ ಅನುಮಾನ ಪಡಬೇಕಿತ್ತು. ಬರಬೇಕಾದ ಉತ್ತರ ಮೊದಲೇ ತಲೆಯಲ್ಲಿ ಇಟ್ಟುಕೊಂಡು ರೀಡಿಂಗ್ ಆರಿಸಿದರೆ ಇಂಥ ಕಡೆ ಸಿಕ್ಕಿಬೀಳುತ್ತೇವೆ. ಹಾಗಾಗಿ ಒಂದು ಕಟ್ಟುನಿಟ್ಟು: ಯಾವ ನಿಯಮ, ಎಷ್ಟು ಗಡಿ, ಎಷ್ಟು ಸಲ ಎಂಬುದನ್ನು ಸ್ಟಾಪ್‌ವಾಚ್ ಮುಟ್ಟುವ ಮೊದಲೇ ಅಬ್ಸರ್ವೇಶನ್ ಬುಕ್ಕಿನ ಮೇಲ್ತುದಿಯಲ್ಲಿ ಬರೆದಿಡಿ. ಗುರುತ್ವದ ಲೆಕ್ಕ ಹಾಕುವುದು ಬಿಡುವುದು ಇಡುವುದು ಎಲ್ಲ ತೀರ್ಮಾನ ಆದ ನಂತರ.

ಕ್ಲಾಸಿನಲ್ಲಿ ಹೇಳಿಕೊಡುವವರಿಗೆ ಒಂದು ಸಲಹೆ. ಟೇಬಲ್‌ನಿಂದ ಶುರು ಮಾಡಬೇಡಿ. ಹಡಗಿನ ಮೇಲೆ ಪಾಠ ಮಾಡಿದ ಇಪ್ಪತ್ತೊಂದು ವರ್ಷದ ಹುಡುಗ ಪ್ರೊಫೆಸರ್‌ನಿಂದ ಶುರು ಮಾಡಿ, ಮಕ್ಕಳು ಕಿವಿ ಕೊಡುತ್ತಾರೆ. ಆಮೇಲೆ ಎಲ್ಲರ ಕೈಯಲ್ಲಿ ಹತ್ತು ರೀಡಿಂಗ್ ತೆಗೆಸಿ, ಒಬ್ಬೊಬ್ಬರ ಪಟ್ಟಿಯಲ್ಲಿ ಯಾವುದು ಹೊರಗೆ ಬಂತು ಎಂದು ಬೋರ್ಡಿನಲ್ಲಿ ಬರೆಸಿ. ಮೂವತ್ತು ಮಕ್ಕಳಿದ್ದರೆ ಏಳೆಂಟು ಜನರ ಹತ್ತಿರ ಒಂದು ಹೊರಗೆ ಬಂದಿರುತ್ತದೆ, ಯಾರೂ ತಪ್ಪು ಮಾಡದೆ. ನಾನು ಮೇಲೆ ಹೇಳಿದ ನಾಲ್ಕರಲ್ಲಿ ಒಂದು ಅವರಿಗೆ ಕಣ್ಣಾರೆ ಕಾಣುತ್ತದೆ.

ರೆಕಾರ್ಡಿನಲ್ಲಿ ಬರೆಯುವ ಕ್ರಮ ಇಷ್ಟು. ಬಿಟ್ಟ ರೀಡಿಂಗ್ ಟೇಬಲ್‌ನಲ್ಲೇ ಇರಬೇಕು, ಮೇಲೆ ಒಂದೇ ಗೆರೆ, ಕೆಳಗಿನ ಸಂಖ್ಯೆ ಓದಲು ಬರಬೇಕು. ರಬ್ಬರ್ ಇಲ್ಲ, ವೈಟ್ನರ್ ಇಲ್ಲ. ಟೇಬಲ್ ಕೆಳಗೆ ಎರಡು ಸಾಲು: ‘ಹತ್ತನೇ ರೀಡಿಂಗ್ ಸರಾಸರಿಯಿಂದ 2.76 ಪಟ್ಟು ದೂರ ಇದೆ, 10 ರೀಡಿಂಗ್‌ಗೆ ಶೋವನೇ ಗಡಿ 1.96, ಆದ್ದರಿಂದ ಬಿಡಲಾಗಿದೆ. ಒಂದು ತೂಗಾಟ ಎಣಿಸದೆ ಬಿಟ್ಟಿರುವ ಸಾಧ್ಯತೆ ಇದೆ. ಸೇರಿಸಿದರೆ ಉತ್ತರ 9.68, ಬಿಟ್ಟರೆ 9.78.’ ವೈವಾದಲ್ಲಿ ಕೇಳಿದರೆ ಇದನ್ನೇ ತೋರಿಸಿ. ಇಷ್ಟು ಬರೆದವರಿಗೆ ಮಾರ್ಕ್ ಕಡಿಮೆ ಮಾಡುವ ಪರೀಕ್ಷಕರು ಇದ್ದರೆ ನನಗೆ ಆಶ್ಚರ್ಯ.

ಕೊನೆಗೆ ಒಂದು ಎಚ್ಚರಿಕೆ, ಪ್ರಾಜೆಕ್ಟ್ ಮಾಡುವವರಿಗೆ. ನಮ್ಮ ಊರಿನ ಮಳೆಯ ಅಂಕಿಗೆ ಈ ನಿಯಮ ಹಾಕಬೇಡಿ. ದಿನದ ಮಳೆ ಗಂಟೆಯಾಕಾರದ ಕರ್ವ್‌ನ ಹಾಗೆ ಚದುರುವುದಿಲ್ಲ. ಎಷ್ಟೋ ದಿನ ಸೊನ್ನೆ, ಕೆಲವು ದಿನ ಸುರಿದದ್ದೇ ಸುರಿದದ್ದು. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿದ ದಿನದ ಅಂಕಿಯನ್ನು ಶೋವನೇ ಟೇಬಲ್‌ಗೆ ಕೊಟ್ಟರೆ ಅದು ಹೊರಗೆ ಹಾಕು ಎಂದೇ ಹೇಳುತ್ತದೆ, ಆದರೆ ಆ ಮಳೆ ನಿಜವಾಗಿ ಬಂದದ್ದು, ಮನೆಯೊಳಗೆ ನೀರು ನುಗ್ಗಿದವರನ್ನು ಕೇಳಿ ನೋಡಿ. ಮೀನಿನ ರೇಟು, ಆಸ್ಪತ್ರೆಯಲ್ಲಿ ಕಾದ ಹೊತ್ತು, ಮನೆಯ ಕರೆಂಟ್ ಬಿಲ್, ಇವಕ್ಕೂ ಅದೇ ಮಾತು. ಒಂದೇ ವಸ್ತುವನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಅಳೆದಾಗ ಬರುವ ಸಣ್ಣ ಹೆಚ್ಚುಕಡಿಮೆಗೆ ಮಾತ್ರ ಈ ಟೇಬಲ್ ತೆಗೆಯಿರಿ.